ಕಾಣದುದನ್ನು ಅಳೆದ ವಿಜ್ಞಾನಿ

ಗಾಳಿಯನ್ನು ನಾವು ಕಾಣಲಾರೆವು. ಆದರೆ ಅದಿಲ್ಲದೆ ಕೆಲವು ನಿಮಿಷಗಳ ಕಾಲವೂ ಬದುಕಲಾರೆವು. ಗಾಳಿ ಕೆಟ್ಟಾಗ ಮೂಗು ಒಮ್ಮೊಮ್ಮೆ ನಮ್ಮನ್ನು ಎಚ್ಚರಿಸುವುದುಂಟು. ಎಲ್ಲ ಸಲವೂ ಹಾಗಾಗುವುದಿಲ್ಲ. ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಅನಿಲವು ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸಿಬಿಡುತ್ತದೆ. ಅಪಾಯ ಹೆಚ್ಚಿದಂತೆ ಎಚ್ಚರಿಕೆ ಇಲ್ಲವಾಗುತ್ತದೆ. ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ ಕೆಲಸಗಾರರು ಪಂಜರದಲ್ಲಿ ಕ್ಯಾನರಿ ಎಂಬ ಪುಟ್ಟ ಹಕ್ಕಿಯನ್ನು ತಮ್ಮೊಡನೆ ಒಯ್ಯುತ್ತಿದ್ದರು. ವಿಷಗಾಳಿಗೆ ಮೊದಲು ಹಕ್ಕಿ ತತ್ತರಿಸಿ ಬೀಳುತ್ತಿತ್ತು. ಅದನ್ನು ಕಂಡು ಮನುಷ್ಯರು ಓಡಿ ಪಾರಾಗುತ್ತಿದ್ದರು. ಈ ಪದ್ಧತಿ ಅಲ್ಲಿ 1986ರವರೆಗೂ ಉಳಿದಿತ್ತು.

ಇಂದು ಕಾರ್ಖಾನೆಗಳಲ್ಲಿ, ಬಣ್ಣ ಬಳಿಯುವ ಶಾಲೆಗಳಲ್ಲಿ, ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಗಾಳಿಯನ್ನು ಪರೀಕ್ಷಿಸಲು ಕೈಯಲ್ಲಿ ಹಿಡಿದು ಒಯ್ಯಬಹುದಾದ ಉಪಕರಣಗಳಿವೆ. ಸುತ್ತಲಿನ ಗಾಳಿಯನ್ನು ಹೀರಿಕೊಂಡು, ಅದರಲ್ಲಿ ಯಾವುದೋ ಒಂದು ರಾಸಾಯನಿಕದ ಆವಿ ಎಷ್ಟು ಬೆರೆತಿದೆ ಎಂಬುದನ್ನು ಅವು ಕೆಲವೇ ಕ್ಷಣಗಳಲ್ಲಿ ತಿಳಿಸುತ್ತವೆ. ಇವುಗಳಲ್ಲಿ ಹಲವು ಕೆಲಸಮಾಡುವುದು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಿಂದ. ಈ ಉಪಕರಣಗಳ ಮೂಲವನ್ನು ಅರಸುತ್ತ ಹೋದರೆ ನಾವು 1859ನೆಯ ಇಸವಿಯ ಲಂಡನ್ ನಗರದ ಒಂದು ಪ್ರಯೋಗಶಾಲೆಯನ್ನು ತಲಪುತ್ತೇವೆ. ಅಲ್ಲಿ ಹಿತ್ತಾಳೆಯ ಕೊಳವೆಯೊಂದರ ಮುಂದೆ ಕುಳಿತು, ಕಾಂತಸೂಚಿಯ ಚಲನೆಯನ್ನು ತದೇಕಚಿತ್ತದಿಂದ ನೋಡುತ್ತಿದ್ದವರು ಜಾನ್ ಟಿಂಡಲ್.

ಟಿಂಡಲ್ಲರು 1820ನೆಯ ಇಸವಿ ಆಗಸ್ಟ್ 2ರಂದು ಐರ್ಲೆಂಡ್ ದೇಶದ ಕಾರ್ಲೋ ಪ್ರಾಂತದ ಲಾಕ್ಲಿನ್‌ಬ್ರಿಡ್ಜ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ಪೊಲೀಸ್ ಇಲಾಖೆಯಲ್ಲಿ ಕಾನ್‌ಸ್ಟೇಬಲ್ ಆಗಿದ್ದರು. ಮನೆಯಲ್ಲಿ ಸಿರಿತನವಿರಲಿಲ್ಲ, ಆದರೆ ಓದಿನಲ್ಲಿ ಗೌರವವಿತ್ತು. ಆ ಕಾಲದ ಐರ್ಲೆಂಡಿನಲ್ಲಿ ಪ್ರಾಟೆಸ್ಟಂಟ್ ಮತ್ತು ಕ್ಯಾಥೊಲಿಕ್ ಪಂಥದವರ ನಡುವೆ ವಿರಸ ಬಲವಾಗಿತ್ತು. ತಂದೆ ಪ್ರಾಟೆಸ್ಟಂಟರಾಗಿದ್ದರೂ ಮಗನನ್ನು ಕಾನ್‌ವಿಲ್ ಎಂಬ ಕ್ಯಾಥೊಲಿಕ್ ಉಪಾಧ್ಯಾಯರ ಬಳಿಗೆ ಕಳುಹಿಸಿದರು. ಗಣಿತವನ್ನು ಚೆನ್ನಾಗಿ ಬೋಧಿಸುವವರು ಅವರೆಂಬುದೊಂದೇ ಅವರಿಗೆ ಸಾಕಾಗಿತ್ತು. ಆ ಗುರುವಿನ ಬಳಿ ಬಾಲಕ ಜಾನ್ ರೇಖಾಗಣಿತವನ್ನೂ ಭೂಮಾಪನದ ಮೂಲತತ್ತ್ವಗಳನ್ನೂ ಕಲಿತನು.

ಈ ವಿದ್ಯೆಯೇ ಅವರಿಗೆ ಮೊದಲ ಅನ್ನವನ್ನು ನೀಡಿತು. 1839ರಲ್ಲಿ ಅವರು ಐರ್ಲೆಂಡಿನ ಸರ್ಕಾರಿ ಸರ್ವೆ ಇಲಾಖೆಯನ್ನು ಸೇರಿದರು. 1842ರಲ್ಲಿ ಇಂಗ್ಲೆಂಡಿನ ಪ್ರೆಸ್ಟನ್ ನಗರಕ್ಕೆ ವರ್ಗವಾಯಿತು. ಅಲ್ಲಿ ದುಡಿಮೆ ಹೆಚ್ಚು, ಸಂಬಳ ಅತ್ಯಲ್ಪ. ತಮಗೂ ತಮ್ಮ ಸಹೋದ್ಯೋಗಿಗಳಿಗೂ ಆಗುತ್ತಿದ್ದ ಅನ್ಯಾಯವನ್ನು ಟಿಂಡಲ್ಲರು ಬಹಿರಂಗವಾಗಿ ಪ್ರತಿಭಟಿಸಿದರು. ಅದರ ಫಲವಾಗಿ 1843ರಲ್ಲಿ ಅವರನ್ನು ಕೆಲಸದಿಂದ ತೆಗೆದುಹಾಕಲಾಯಿತು. ಆಗ ಇಂಗ್ಲೆಂಡಿನಲ್ಲಿ ಎಲ್ಲೆಲ್ಲೂ ರೈಲುಮಾರ್ಗಗಳನ್ನು ಹಾಕುವ ಸಂಭ್ರಮ. ಮುಂದಿನ ಕೆಲವು ವರ್ಷ ಅವರು ರೈಲುಮಾರ್ಗಗಳಿಗಾಗಿ ನೆಲವನ್ನು ಅಳೆಯುವ ಕೆಲಸದಲ್ಲಿ ತೊಡಗಿದರು. ಕೂದಲೆಳೆಯಷ್ಟು ತಪ್ಪನ್ನೂ ಸಹಿಸದ ಅಳತೆಯ ಶಿಸ್ತು ಅವರಿಗೆ ಮೈಗೂಡಿದ್ದು ಈ ದಿನಗಳಲ್ಲಿಯೇ.

1847ರಲ್ಲಿ ಅವರು ಹ್ಯಾಂಪ್‌ಶೈರ್ ಪ್ರಾಂತದ ಕ್ವೀನ್‌ವುಡ್ ಕಾಲೇಜಿನಲ್ಲಿ ಉಪಾಧ್ಯಾಯರಾದರು. ಅಲ್ಲಿ ರಸಾಯನಶಾಸ್ತ್ರವನ್ನು ಬೋಧಿಸುತ್ತಿದ್ದ ಎಡ್ವರ್ಡ್ ಫ್ರಾಂಕ್‌ಲೆಂಡ್ ಅವರ ಸ್ನೇಹ ದೊರೆಯಿತು. ಹೆಚ್ಚಿನ ವ್ಯಾಸಂಗದ ಹಂಬಲ ಇಬ್ಬರಲ್ಲಿಯೂ ಸಮಾನವಾಗಿತ್ತು. ದುಡಿದು ಕೂಡಿಟ್ಟ ಹಣವನ್ನು ನೆಚ್ಚಿಕೊಂಡು 1848ರಲ್ಲಿ ಇಬ್ಬರೂ ಜರ್ಮನಿಯ ಮಾರ್ಬರ್ಗ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ಆಗ ಟಿಂಡಲ್ಲರಿಗೆ ಇಪ್ಪತ್ತೆಂಟು ವರ್ಷ. ಪ್ರಸಿದ್ಧ ರಸಾಯನಶಾಸ್ತ್ರಜ್ಞ ರಾಬರ್ಟ್ ಬುನ್ಸೆನ್ ಅವರ ಉಪನ್ಯಾಸಗಳನ್ನು ಕೇಳುತ್ತ, ಜರ್ಮನ್ ಭಾಷೆಯನ್ನು ಕಲಿಯುತ್ತ, ಹಗಲಿರುಳೆನ್ನದೆ ಶ್ರಮಿಸಿ 1850ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. 1853ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಸಂಸ್ಥೆಯಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಮಹಾವಿಜ್ಞಾನಿ ಮೈಕೇಲ್ ಫ್ಯಾರಡೆ ಅಲ್ಲಿಯೇ ಇದ್ದರು. ಬಡತನದಿಂದ ಮೇಲೆದ್ದು ಬಂದ ಆ ಹಿರಿಯರು, ಅಂತಹುದೇ ಹಾದಿಯಲ್ಲಿ ಬಂದ ಈ ಕಿರಿಯರನ್ನು ವಾತ್ಸಲ್ಯದಿಂದ ಕಂಡರು.

ಬಿಡುವಿನ ದಿನಗಳಲ್ಲಿ ಟಿಂಡಲ್ಲರು ಆಲ್ಪ್ಸ್ ಪರ್ವತಗಳಿಗೆ ಹೋಗುತ್ತಿದ್ದರು. ಹಿಮನದಿಗಳು ಹೇಗೆ ಚಲಿಸುತ್ತವೆ ಎಂಬುದನ್ನು ಅಲ್ಲಿಯೂ ಅಳೆದು ನೋಡುತ್ತಿದ್ದರು. ಅದುವರೆಗೆ ಯಾರೂ ಏರದಿದ್ದ ವೈಸ್‌ಹಾರ್ನ್ ಶಿಖರವನ್ನು 1861ರಲ್ಲಿ ಮೊದಲು ಏರಿದ ತಂಡದ ನಾಯಕರು ಅವರೇ. ಸೂರ್ಯನ ಶಾಖ, ಮಂಜು, ವಾಯುಮಂಡಲ ಇವುಗಳ ಸಂಬಂಧ ಅವರ ಮನಸ್ಸನ್ನು ಸೆಳೆದಿತ್ತು. ಭೂಮಿಯಿಂದ ಹೊರಹೊಮ್ಮುವ ಶಾಖವನ್ನು ಗಾಳಿ ತಡೆದು ನಿಲ್ಲಿಸುತ್ತದೆಯೇ? ತಡೆಯುವುದಾದರೆ, ಗಾಳಿಯಲ್ಲಿರುವ ಯಾವ ಅನಿಲ ಆ ಕೆಲಸವನ್ನು ಮಾಡುತ್ತದೆ? ಈ ಪ್ರಶ್ನೆಗಳಿಗೆ ಪ್ರಯೋಗದಿಂದಲೇ ಉತ್ತರ ಕಂಡುಕೊಳ್ಳಬೇಕೆಂದು ಅವರು ನಿಶ್ಚಯಿಸಿದರು.

ಶಾಖದ ಕಿರಣಗಳ ವಿಷಯ ಅಷ್ಟು ಹೊತ್ತಿಗೆ ತಿಳಿದಿತ್ತು. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳ ವಿಜ್ಞಾನಿ ಸೂರ್ಯನ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ, ಅದರ ಬಣ್ಣಗಳಲ್ಲಿ ಉಷ್ಣಮಾಪಕವನ್ನು ಇರಿಸಿ ನೋಡಿದ್ದರು. ಕೆಂಪು ಬಣ್ಣದ ಆಚೆಗೆ, ಬೆಳಕೇ ಇಲ್ಲದಂತೆ ತೋರುವ ಕಡೆಯಲ್ಲಿಯೂ ಪಾದರಸ ಮೇಲೇರಿತು. ಹೀಗೆ ಪತ್ತೆಯಾದ ಅದೃಶ್ಯ ಕಿರಣಗಳೇ ಅವಕೆಂಪು ಕಿರಣಗಳು. ಗಾಜು, ನೀರು ಮುಂತಾದವು ಈ ಕಿರಣಗಳನ್ನು ಹೀರಿಕೊಳ್ಳುವುದನ್ನು ವಿಜ್ಞಾನಿಗಳು ಅಳೆದಿದ್ದರು. ಆದರೆ ಅನಿಲಗಳ ವಿಷಯದಲ್ಲಿ ಅಳತೆ ಸಾಧ್ಯವಾಗಿರಲಿಲ್ಲ. ಅನಿಲವು ಹೀರುವ ಶಾಖ ಬಹಳ ಕಡಿಮೆ. ಶಾಖದ ಮೂಲವನ್ನು ಪ್ರಬಲಗೊಳಿಸಿದರೆ ಸೂಚಿ ಒಂದೇ ಸಲಕ್ಕೆ ಕೊನೆ ಮುಟ್ಟುತ್ತದೆ, ಸಣ್ಣ ವ್ಯತ್ಯಾಸ ಗೊತ್ತಾಗುವುದಿಲ್ಲ. ದುರ್ಬಲಗೊಳಿಸಿದರೆ ವ್ಯತ್ಯಾಸವೇ ಕಾಣದಷ್ಟು ಕಿರಿದಾಗುತ್ತದೆ.

ಈ ತೊಡಕನ್ನು ಟಿಂಡಲ್ಲರು ತಕ್ಕಡಿಯ ಉಪಾಯದಿಂದ ಬಿಡಿಸಿದರು. ಸುಮಾರು ನಾಲ್ಕು ಅಡಿ ಉದ್ದದ ಹಿತ್ತಾಳೆಯ ಕೊಳವೆಯ ಎರಡು ತುದಿಗಳನ್ನೂ ಕಲ್ಲುಪ್ಪಿನ ಬಿಲ್ಲೆಗಳಿಂದ ಮುಚ್ಚಿದರು. ಗಾಜು ಶಾಖದ ಕಿರಣಗಳನ್ನು ತಡೆಯುತ್ತದೆ, ಕಲ್ಲುಪ್ಪು ತಡೆಯುವುದಿಲ್ಲ. ಕೊಳವೆಯ ಒಂದು ತುದಿಯಲ್ಲಿ ಕುದಿಯುವ ನೀರನ್ನು ತುಂಬಿದ ಲೋಹದ ಪೆಟ್ಟಿಗೆ. ಇನ್ನೊಂದು ತುದಿಯಲ್ಲಿ ಶಾಖವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಥರ್ಮೋಪೈಲ್ ಎಂಬ ಸಾಧನ. ಥರ್ಮೋಪೈಲಿನ ಮತ್ತೊಂದು ಮುಖದ ಎದುರಿಗೆ ಎರಡನೆಯ ಬಿಸಿನೀರಿನ ಪೆಟ್ಟಿಗೆ. ಕೊಳವೆಯಿಂದ ಗಾಳಿಯನ್ನೆಲ್ಲ ಹೊರತೆಗೆದು, ಎರಡು ಕಡೆಯ ಶಾಖವನ್ನೂ ಸರಿಸಮ ಮಾಡಿದಾಗ ಗ್ಯಾಲ್ವನೋಮೀಟರಿನ ಸೂಚಿ ಸೊನ್ನೆಯಲ್ಲಿ ನಿಲ್ಲುತ್ತಿತ್ತು. ಅನಂತರ ಪರೀಕ್ಷಿಸಬೇಕಾದ ಅನಿಲವನ್ನು ಕೊಳವೆಯೊಳಗೆ ಬಿಡುತ್ತಿದ್ದರು. ಅನಿಲವು ಎಳ್ಳಷ್ಟು ಶಾಖವನ್ನು ಹೀರಿಕೊಂಡರೂ ಸಮತೋಲ ತಪ್ಪಿ ಸೂಚಿ ವಾಲುತ್ತಿತ್ತು. ವಾಲಿದ ಪ್ರಮಾಣವೇ ಅನಿಲದ ಹೀರಿಕೆಯ ಅಳತೆಯಾಯಿತು. 1859ರ ಮೇ ತಿಂಗಳಿನಲ್ಲಿ ಈ ಪ್ರಯೋಗ ಫಲಿಸಿತು.

ಗಾಳಿಯ ಬಹುಭಾಗವಾದ ಸಾರಜನಕ ಮತ್ತು ಆಮ್ಲಜನಕಗಳು ಸೂಚಿಯನ್ನು ಕದಲಿಸಲಿಲ್ಲವೆಂದೇ ಹೇಳಬೇಕು. ಆದರೆ ಅಲ್ಪ ಪ್ರಮಾಣದಲ್ಲಿರುವ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್‌ಗಳು ಶಾಖವನ್ನು ಬಲವಾಗಿ ಹೀರಿದವು. ಎಥಿಲೀನ್ ಅನಿಲ, ಈಥರ್, ಬೆಂಜೀನ್ ಮುಂತಾದ ದ್ರವಗಳ ಆವಿಗಳು ಇನ್ನೂ ಪ್ರಬಲವಾಗಿದ್ದವು. ಬರಿಗಣ್ಣಿಗೆ ಎಲ್ಲವೂ ಒಂದೇ ಬಗೆಯಲ್ಲಿ ಪಾರದರ್ಶಕ. ಶಾಖದ ಕಿರಣಗಳಿಗಾದರೋ ಕೆಲವು ತೆರೆದ ಬಾಗಿಲುಗಳು, ಕೆಲವು ಮುಚ್ಚಿದ ಗೋಡೆಗಳು. ಟಿಂಡಲ್ಲರು ಸುಗಂಧದ್ರವ್ಯಗಳನ್ನೂ ಬಿಡಲಿಲ್ಲ. ಪರಿಮಳ ತೈಲದಲ್ಲಿ ಅದ್ದಿದ ಕಾಗದದ ಸುರುಳಿಯ ಮೂಲಕ ಒಣಗಾಳಿಯನ್ನು ಹಾಯಿಸಿ ಕೊಳವೆಗೆ ಬಿಟ್ಟರು. ಶ್ರೀಗಂಧದ ಪರಿಮಳವನ್ನು ಹೊತ್ತ ಗಾಳಿ ಬರಿಯ ಗಾಳಿಗಿಂತ 30 ಪಟ್ಟಿಗೂ ಹೆಚ್ಚು ಶಾಖವನ್ನು ಹೀರಿತು. ಸೋಂಪಿನ ತೈಲದ ಪರಿಮಳ 370 ಪಟ್ಟಿಗೂ ಹೆಚ್ಚು ಹೀರಿತು. ತೂಕಕ್ಕೆ ಸಿಕ್ಕದಷ್ಟು ಸೂಕ್ಷ್ಮವಾದ ಪರಿಮಳವೂ ಅಳತೆಗೆ ಸಿಕ್ಕಿತು. ತಮ್ಮ ಪ್ರಯೋಗಗಳ ವಿವರವನ್ನು ಅವರು 1861ರಲ್ಲಿ ರಾಯಲ್ ಸೊಸೈಟಿಯ ಮುಂದೆ ಮಂಡಿಸಿದರು.

ಇಲ್ಲಿ ಇನ್ನೊಬ್ಬರನ್ನು ಸ್ಮರಿಸುವುದು ನ್ಯಾಯ. ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ ಗಾಜಿನ ಕೊಳವೆಗಳಲ್ಲಿ ಬೇರೆಬೇರೆ ಅನಿಲಗಳನ್ನು ತುಂಬಿ ಬಿಸಿಲಿನಲ್ಲಿ ಇರಿಸಿ, ಇಂಗಾಲದ ಡೈಆಕ್ಸೈಡ್ ಹೆಚ್ಚು ಬಿಸಿಯೇರುವುದನ್ನು 1856ರಲ್ಲಿಯೇ ತೋರಿಸಿದ್ದರು. ಟಿಂಡಲ್ಲರ ಲೇಖನಗಳಲ್ಲಿ ಆಕೆಯ ಹೆಸರು ಬರುವುದಿಲ್ಲ. ಬಹುಕಾಲ ಮರೆಯಲ್ಲಿದ್ದ ಆಕೆಯ ಕೆಲಸಕ್ಕೆ ಇಂದು ಸಲ್ಲಬೇಕಾದ ಮನ್ನಣೆ ಸಲ್ಲುತ್ತಿದೆ. ಬಿಸಿಲಿನ ಬದಲು ಕಾದ ವಸ್ತುವಿನ ಶಾಖದ ಕಿರಣಗಳನ್ನು ಬಳಸಿ, ಪ್ರತಿಯೊಂದು ಅನಿಲದ ಹೀರಿಕೆಯನ್ನು ನಿಖರವಾಗಿ ಅಳೆದ ಕೀರ್ತಿ ಟಿಂಡಲ್ಲರದು.

ಅನಿಲಗಳು ಹೀಗೆ ಭಿನ್ನವಾಗಿ ವರ್ತಿಸುವುದೇಕೆ ಎಂಬುದು ಮುಂದಿನ ಕಾಲದಲ್ಲಿ ತಿಳಿಯಿತು. ಅಣುವಿನಲ್ಲಿರುವ ಪರಮಾಣುಗಳು ಸದಾ ಕಂಪಿಸುತ್ತಿರುತ್ತವೆ. ಬೇರೆಬೇರೆ ಬಗೆಯ ಪರಮಾಣುಗಳಿಂದಾದ ಅಣುವು ತನ್ನ ಕಂಪನಕ್ಕೆ ಹೊಂದುವ ಅವಕೆಂಪು ಕಿರಣವನ್ನು ಮಾತ್ರ ಆರಿಸಿ ಹೀರುತ್ತದೆ. ಆದುದರಿಂದ ಪ್ರತಿಯೊಂದು ಆವಿಗೂ ಬೆರಳಗುರುತಿನಂತಹ ಒಂದು ಗುರುತು ಇದೆ. ಆಮ್ಲಜನಕ, ಸಾರಜನಕಗಳಂತೆ ಒಂದೇ ಬಗೆಯ ಎರಡು ಪರಮಾಣುಗಳು ಸೇರಿ ಆದ ಅಣುಗಳು ಈ ಕಿರಣಗಳಿಗೆ ಬಹುತೇಕ ಸ್ಪಂದಿಸುವುದಿಲ್ಲ.

ಈ ಗುರುತನ್ನು ಉಪಯೋಗಕ್ಕೆ ತರುವ ದಾರಿ ಟಿಂಡಲ್ಲರ ಪ್ರಯೋಗಶಾಲೆಯಲ್ಲಿಯೇ ತೆರೆಯಿತು. ಇಂಗಾಲದ ಮಾನಾಕ್ಸೈಡ್ ಉರಿದಾಗ ಇಂಗಾಲದ ಡೈಆಕ್ಸೈಡ್ ಉಂಟಾಗುತ್ತದೆ. ಆ ಜ್ವಾಲೆಯಿಂದ ಬರುವ ಶಾಖದ ಕಿರಣಗಳನ್ನು ತಣ್ಣನೆಯ ಇಂಗಾಲದ ಡೈಆಕ್ಸೈಡ್ ವಿಶೇಷವಾಗಿ ಹೀರುವುದನ್ನು ಟಿಂಡಲ್ಲರು ಕಂಡುಕೊಂಡರು. ಈ ಜ್ವಾಲೆಯನ್ನು ಬಳಸಿ 1864ರ ಸುಮಾರಿಗೆ ಅವರ ಸಹಾಯಕರಾದ ಬ್ಯಾರೆಟ್ ಎಂಬವರು ಮನುಷ್ಯನು ಹೊರಬಿಡುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂಬುದನ್ನು ಅಳೆದರು. ರಾಸಾಯನಿಕ ವಿಶ್ಲೇಷಣೆಯಿಂದ ದೊರೆತ ಬೆಲೆಗೆ ಅದು ಸಮೀಪವಾಗಿತ್ತು. ಇಂದು ಶಸ್ತ್ರಚಿಕಿತ್ಸೆಯ ವೇಳೆ ರೋಗಿಯ ಉಸಿರಾಟವನ್ನು ಕಾಯುವ ಉಪಕರಣಗಳು ಇದೇ ತತ್ತ್ವವನ್ನು ಅನುಸರಿಸುತ್ತವೆ.

ಎಲ್ಲರೂ ಇವರ ಮಾತನ್ನು ಒಡನೆಯೇ ಒಪ್ಪಲಿಲ್ಲ. ನೀರಾವಿ ಶಾಖವನ್ನು ಹೀರುವುದಿಲ್ಲವೆಂದು ಬರ್ಲಿನ್ನಿನ ವಿಜ್ಞಾನಿ ಮ್ಯಾಗ್ನಸ್ ವಾದಿಸಿದರು. ವಿವಾದ ವರ್ಷಗಟ್ಟಲೆ ನಡೆಯಿತು. ಟಿಂಡಲ್ಲರು ವಾದದಲ್ಲಿ ತೀಕ್ಷ್ಣ ಸ್ವಭಾವದವರು. ಆದರೂ ಕೊನೆಯ ತೀರ್ಪನ್ನು ಅವರು ಪ್ರಯೋಗಕ್ಕೇ ಬಿಟ್ಟರು. ತಡೆತಡೆದು ಬೀಳುವ ಬೆಳಕಿನಿಂದ ವಸ್ತುಗಳಲ್ಲಿ ಶಬ್ದ ಹುಟ್ಟುವುದನ್ನು 1880ರಲ್ಲಿ ಅಲೆಗ್ಸಾಂಡರ್ ಗ್ರಹಾಂ ಬೆಲ್ ಅವರು ತೋರಿಸಿದಾಗ, ಟಿಂಡಲ್ಲರು ಆ ಉಪಾಯವನ್ನು ಅನಿಲಗಳಿಗೆ ಅನ್ವಯಿಸಿದರು. ಗಾಜಿನ ಬುರುಡೆಯಲ್ಲಿ ಅನಿಲವನ್ನು ತುಂಬಿ, ಶಾಖದ ಕಿರಣವನ್ನು ತಿರುಗುವ ಚಕ್ರದಿಂದ ತಡೆತಡೆದು ಅದರ ಮೇಲೆ ಬೀಳಿಸಿದರು. ಶಾಖವನ್ನು ಹೀರುವ ಅನಿಲವು ಕ್ಷಣಕ್ಷಣಕ್ಕೂ ಹಿಗ್ಗಿ ಕುಗ್ಗಿ ಕಿವಿಗೆ ಕೇಳುವಂತೆ ನಾದ ಹೊರಡಿಸಿತು. ಶಾಖವನ್ನು ಹೀರದ ಒಣಗಾಳಿ ಹಾಗೆ ನುಡಿಯಲಿಲ್ಲ. ನೀರಾವಿಯೂ ನುಡಿಯಿತು. ಇಂದಿನ ಕೆಲವು ಅವಕೆಂಪು ಉಪಕರಣಗಳು ಮೈಕ್ರೊಫೋನಿನ ಸಹಾಯದಿಂದ ಆವಿಗಳ ಇದೇ ನಾದವನ್ನು ಕೇಳಿ ಅವುಗಳ ಪ್ರಮಾಣವನ್ನು ತಿಳಿಸುತ್ತವೆ.

ಟಿಂಡಲ್ಲರ ವಿದ್ಯೆ ಪ್ರಯೋಗಶಾಲೆಯ ನಾಲ್ಕು ಗೋಡೆಗಳಿಗೆ ಸೀಮಿತವಾಗಿರಲಿಲ್ಲ. ಕತ್ತಲೆಯ ಕೋಣೆಯಲ್ಲಿ ಪ್ರಖರವಾದ ಬೆಳಕಿನ ಕಿರಣವನ್ನು ಹಾಯಿಸಿ, ನಿರ್ಮಲವೆಂದು ತೋರುವ ಗಾಳಿಯಲ್ಲಿಯೂ ಅಸಂಖ್ಯಾತ ಧೂಳಿಯ ಕಣಗಳು ತೇಲುವುದನ್ನು ಅವರು ತೋರಿಸಿದರು. ಇಂತಹ ಧೂಳಿಯನ್ನೂ ಹೊಗೆಯನ್ನೂ ಪ್ರತಿದಿನ ಉಸಿರಾಡಬೇಕಾದವರ ಗತಿಯೇನು? ಲಂಡನ್ನಿನಲ್ಲಿ ಬೆಂಕಿ ಆರಿಸುವ ದಳದವರು ಹೊಗೆ ತುಂಬಿದ ಮನೆಗಳೊಳಗೆ ನುಗ್ಗಲಾರದೆ ಸಂಕಟಪಡುತ್ತಿದ್ದರು. 1871ರ ಸುಮಾರಿಗೆ ಟಿಂಡಲ್ಲರು ಅವರಿಗಾಗಿ ಮುಖಕವಚವೊಂದನ್ನು ರಚಿಸಿದರು. ಅದರಲ್ಲಿ ಧೂಳಿಯನ್ನೂ ಹೊಗೆಯ ಕಣಗಳನ್ನೂ ಹಿಡಿಯಲು ಗ್ಲಿಸರಿನ್ನಿನಿಂದ ತೇವಗೊಳಿಸಿದ ಹತ್ತಿಯ ಪದರ, ಆವಿಗಳನ್ನು ಹಿಡಿಯಲು ಇದ್ದಿಲಿನ ಪದರ ಇದ್ದವು. ಕಲ್ಲಿನ ಕೋಣೆಯೊಂದರಲ್ಲಿ ರಾಳ ತುಂಬಿದ ಮರವನ್ನು ಉರಿಸಿ ದಟ್ಟ ಹೊಗೆಯೆಬ್ಬಿಸಿ, ಮೊದಲು ತಾವೇ ಅದನ್ನು ಧರಿಸಿ ಪರೀಕ್ಷಿಸಿದರು. ಬರಿಮುಖದಲ್ಲಿ ಒಂದು ನಿಮಿಷವೂ ನಿಲ್ಲಲಾಗದ ಆ ಹೊಗೆಯಲ್ಲಿ ಕವಚ ಧರಿಸಿದವರು ಅರ್ಧ ಗಂಟೆ ನಿಂತರು. ಇಂಗಾಲದ ಮಾನಾಕ್ಸೈಡನ್ನು ಇದ್ದಿಲು ಹಿಡಿದಿಡಲಾರದು. ಅದಕ್ಕೆ ಬೇರೆ ಉಪಾಯಗಳು ಮುಂದೆ ಬರಬೇಕಾಯಿತು. ಆದರೂ ದುಡಿಯುವವನ ಉಸಿರನ್ನು ಕಾಯುವುದು ವಿಜ್ಞಾನದ ಕರ್ತವ್ಯ ಎಂಬುದನ್ನು ಅವರು ಕೃತಿಯಿಂದ ತೋರಿದರು.

1867ರಲ್ಲಿ ಫ್ಯಾರಡೆಯವರು ತೀರಿಕೊಂಡ ಬಳಿಕ ಸಂಸ್ಥೆಯ ಹೊಣೆ ಟಿಂಡಲ್ಲರ ಹೆಗಲಿಗೆ ಬಂದಿತು. ಕಠಿಣ ವಿಷಯಗಳನ್ನು ಪ್ರಯೋಗಗಳ ಮೂಲಕ ಜನಸಾಮಾನ್ಯರಿಗೂ ಮಕ್ಕಳಿಗೂ ತಿಳಿಯುವಂತೆ ಹೇಳುವುದರಲ್ಲಿ ಅವರು ನಿಪುಣರಾಗಿದ್ದರು. 1872 ಮತ್ತು 1873ರಲ್ಲಿ ಅಮೆರಿಕದಲ್ಲಿ ಅವರು ಮಾಡಿದ ಉಪನ್ಯಾಸಗಳನ್ನು ಕೇಳಲು ಜನ ಕಿಕ್ಕಿರಿದು ಸೇರಿದರು. ಅದರಿಂದ ಬಂದ ಲಾಭವನ್ನು ಅವರು ತಮಗಾಗಿ ಇಟ್ಟುಕೊಳ್ಳದೆ, ಆ ದೇಶದ ತರುಣರ ವಿಜ್ಞಾನ ವ್ಯಾಸಂಗಕ್ಕೇ ಬಿಟ್ಟುಕೊಟ್ಟರು. ಹಣದ ಕೊರತೆಯಿಂದ ವ್ಯಾಸಂಗವನ್ನು ಮುಂದೂಡಬೇಕಾದ ಕಷ್ಟವನ್ನು ಅವರು ಸ್ವತಃ ಅನುಭವಿಸಿದ್ದರು.

1876ರಲ್ಲಿ ಅವರು ಲೂಯಿಸಾ ಹ್ಯಾಮಿಲ್ಟನ್ ಅವರನ್ನು ವಿವಾಹವಾದರು. ಕೊನೆಗಾಲದಲ್ಲಿ ಹೈಂಡ್‌ಹೆಡ್ ಎಂಬ ಎತ್ತರದ ಪ್ರದೇಶದಲ್ಲಿ ಮನೆ ಮಾಡಿಕೊಂಡು ಇದ್ದರು. ನಿದ್ರಾಹೀನತೆ ಅವರನ್ನು ಬಹುಕಾಲದಿಂದ ಕಾಡುತ್ತಿತ್ತು. ಅದಕ್ಕಾಗಿ ಕ್ಲೋರಲ್ ಎಂಬ ಔಷಧವನ್ನು ಸೇವಿಸುತ್ತಿದ್ದರು. 1893ರ ಡಿಸೆಂಬರ್ 4ರಂದು ಪತ್ನಿ ಹೊಟ್ಟೆಯ ಔಷಧವೆಂದು ಭಾವಿಸಿ, ಕೈತಪ್ಪಿನಿಂದ ಹೆಚ್ಚು ಪ್ರಮಾಣದ ಕ್ಲೋರಲನ್ನು ಅವರಿಗೆ ಕೊಟ್ಟುಬಿಟ್ಟರು. ಎಷ್ಟು ಪ್ರಯತ್ನಿಸಿದರೂ ಅವರು ಉಳಿಯಲಿಲ್ಲ. ರಾಸಾಯನಿಕ ವಸ್ತುಗಳನ್ನು ಒಂದರಿಂದ ಒಂದನ್ನು ಬೇರ್ಪಡಿಸಿ ಗುರುತಿಸುವುದಕ್ಕಾಗಿ ಅಷ್ಟು ಶ್ರಮಿಸಿದ ಮಹನೀಯರು ಒಂದು ಸೀಸೆಯನ್ನು ಇನ್ನೊಂದೆಂದು ತಿಳಿದ ತಪ್ಪಿಗೆ ಬಲಿಯಾದರು. ಲೂಯಿಸಾ 1940ರವರೆಗೆ ಬದುಕಿದ್ದು, ಪತಿಯ ಪತ್ರಗಳನ್ನೂ ದಿನಚರಿಗಳನ್ನೂ ಸಂಗ್ರಹಿಸುವುದರಲ್ಲಿ ತಮ್ಮ ಆಯುಷ್ಯವನ್ನು ಕಳೆದರು.

ಟಿಂಡಲ್ಲರ ಕೊಳವೆ ಮೇಜನ್ನು ಬಿಟ್ಟು ಕದಲುವಂತಿರಲಿಲ್ಲ. 1938ರಲ್ಲಿ ಜರ್ಮನಿಯ ಲೆಹ್ರರ್ ಮತ್ತು ಲುಫ್ಟ್ ಎಂಬ ವಿಜ್ಞಾನಿಗಳು ಅವಕೆಂಪು ಕಿರಣಗಳಿಂದ ಅನಿಲವನ್ನು ಎಡೆಬಿಡದೆ ಅಳೆಯುವ ಕೈಗಾರಿಕಾ ಯಂತ್ರವನ್ನು ರೂಪಿಸಿದರು. 1970ರ ದಶಕದಲ್ಲಿ ಮನುಷ್ಯನೊಬ್ಬನು ಹೊತ್ತು ಒಯ್ಯಬಹುದಾದ ಉಪಕರಣಗಳು ಕಾರ್ಖಾನೆಗಳನ್ನು ಪ್ರವೇಶಿಸಿದವು. ಅವುಗಳ ಅಂಗಾಂಗಗಳನ್ನು ಟಿಂಡಲ್ಲರು ನೋಡಿದ್ದರೆ ಒಡನೆಯೇ ಗುರುತಿಸುತ್ತಿದ್ದರು. ಬಿಸಿನೀರಿನ ಪೆಟ್ಟಿಗೆಯ ಬದಲು ಕಾದ ತಂತಿ. ಹಿತ್ತಾಳೆಯ ಕೊಳವೆಯ ಬದಲು ಪುಟ್ಟ ಕೋಶ. ಅದರೊಳಗಿನ ಕನ್ನಡಿಗಳು ಕಿರಣವನ್ನು ಹಿಂದಕ್ಕೂ ಮುಂದಕ್ಕೂ ಪ್ರತಿಫಲಿಸಿ, ಇಪ್ಪತ್ತು ಮೀಟರುಗಳಷ್ಟು ದೂರವನ್ನು ಅಷ್ಟರಲ್ಲಿಯೇ ಸಾಗುವಂತೆ ಮಾಡುತ್ತವೆ. ಬೇಕಾದ ಕಿರಣವನ್ನು ಮಾತ್ರ ಬಿಡುವ ಶೋಧಕವೂ, ಗಾಳಿಯನ್ನು ಸೆಳೆಯುವ ಸಣ್ಣ ಪಂಪೂ ಜೊತೆಗಿವೆ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಕೆಲವೇ ಭಾಗಗಳಷ್ಟು ದ್ರಾವಕದ ಆವಿ ಇದ್ದರೂ ಇಂತಹ ಉಪಕರಣ ಕಂಡುಹಿಡಿಯಬಲ್ಲದು.

ಆದರೆ ಉಪಕರಣವಿದ್ದ ಮಾತ್ರಕ್ಕೆ ಎಚ್ಚರ ತಪ್ಪುವಂತಿಲ್ಲ. ವಿಷಾನಿಲವಾದ ಕ್ಲೋರಿನ್ನಿನ ಅಣುವಿನಲ್ಲಿ ಒಂದೇ ಬಗೆಯ ಎರಡು ಪರಮಾಣುಗಳಿರುವುದರಿಂದ ಅವಕೆಂಪು ಕಿರಣ ಅದನ್ನು ಕಾಣಲಾರದು. ಗಾಳಿಯಲ್ಲಿರುವ ನೀರಾವಿ ಕೆಲವು ಅಳತೆಗಳಿಗೆ ಅಡ್ಡಿಯಾಗುತ್ತದೆ. ಎರಡು ಆವಿಗಳ ಗುರುತುಗಳು ಒಂದರ ಮೇಲೊಂದು ಬಿದ್ದು ತಪ್ಪು ತೋರುವುದೂ ಉಂಟು. ತಾನು ಅಳೆಯುತ್ತಿರುವುದು ಏನನ್ನು, ತನ್ನ ಉಪಕರಣ ಕಾಣಲಾರದುದು ಯಾವುದು ಎಂಬುದನ್ನು ಬಲ್ಲವನೇ ಅದನ್ನು ಸರಿಯಾಗಿ ಬಳಸಬಲ್ಲನು.

ಕಡಿಮೆ ಸಂಬಳದ ಸರ್ವೆಗಾರನಾಗಿ ನೆಲವನ್ನು ಅಳೆಯುತ್ತ ಬಾಳನ್ನು ಆರಂಭಿಸಿದ ಟಿಂಡಲ್ಲರು, ಕಣ್ಣಿಗೆ ಕಾಣದ ಆವಿಯನ್ನು ಅಳೆಯುವ ದಾರಿಯನ್ನು ಲೋಕಕ್ಕೆ ತೋರಿದರು. ಇಂದು ಕಾರ್ಖಾನೆಯ ಮೂಲೆಯಲ್ಲಿ ಪುಟ್ಟ ಉಪಕರಣವೊಂದು ಎಚ್ಚರಿಕೆಯ ಗಂಟೆ ಬಾರಿಸಿದಾಗ ಕೆಲಸಗಾರರು ಹೊರಕ್ಕೆ ಬಂದು ಶುದ್ಧವಾದ ಗಾಳಿಯನ್ನು ಉಸಿರಾಡುತ್ತಾರೆ. ಅವರಲ್ಲಿ ಬಹಳ ಮಂದಿ ಟಿಂಡಲ್ಲರ ಹೆಸರನ್ನು ಕೇಳಿರಲಾರರು. ಅವರ ಉಸಿರನ್ನು ಕಾಯುತ್ತಿರುವುದು ಆ ಹಿತ್ತಾಳೆಯ ಕೊಳವೆಯ ಮುಂದೆ ಅವರು ತಾಳ್ಮೆಯಿಂದ ಕಳೆದ ದಿನಗಳ ಫಲವೇ ಆಗಿದೆ.